ಬೆಳೆದದ್ದು ಮನೆಯಲ್ಲಿ ಉಳಿಯಲಿ: ಕಪಿಲೆಯ ದಂಡೆಯಲ್ಲಿ ಕಲಿತ ಒಂಬತ್ತು ಪಾಠ

2020ರ ಮಾರ್ಚ್ 25 ಯುಗಾದಿ. ಅಂದಿನಿಂದಲೇ ದೇಶಕ್ಕೆಲ್ಲ ಬೀಗ ಬಿತ್ತು. ಆ ವಾರ ಕಳೆಯುವುದರೊಳಗೆ ನಂಜನಗೂಡಿನ ಔಷಧ ಕಾರ್ಖಾನೆಯೊಂದರ ನೌಕರರಲ್ಲಿ ಕೊರೊನಾ ಕಾಣಿಸಿಕೊಂಡು, ನಮ್ಮ ತಾಲ್ಲೂಕಿನ ಹೆಸರು ಕೇಳಿದರೇ ಜನ ಹೆದರುವಂತಾಯಿತು. ಸಂತೆ ನಿಂತಿತು, ಬಸ್ಸು ನಿಂತಿತು, ನಮ್ಮೂರಿನ ದಾರಿಗೂ ಮುಳ್ಳುಕಂಟಿ ಬಿತ್ತು. ನಂಜನಗೂಡಿಗೂ ಸುತ್ತೂರಿಗೂ ನಡುವಿನ ಹಳ್ಳಿ ನಮ್ಮದು. ಒಂದೂವರೆ ಎಕರೆ ನಾಲೆ ನೀರಿನ ಗದ್ದೆ, ಸ್ವಲ್ಪ ಹೊಲ, ಮನೆಯ ಹಿಂದೆ ಮೂರು ಗುಂಟೆ ಹಿತ್ತಲು. ಆ ಜನವರಿಯಲ್ಲಷ್ಟೇ ಭತ್ತವನ್ನೆಲ್ಲ ಕಣದಲ್ಲೇ ತೂಕ ಹಾಕಿ ಕೊಟ್ಟಿದ್ದೆವು. ಏಪ್ರಿಲ್ ಎರಡನೇ ವಾರ ಅಕ್ಕಿ ಡಬ್ಬದ ತಳ ಕಂಡಿತು. ನಲವತ್ತು ಮೂಟೆ ಭತ್ತ ಬೆಳೆದ ಮನೆಯ ಸೊಸೆ ನಾನು, ಪಕ್ಕದ ಮನೆಗೆ ಹೋಗಿ ಎರಡು ಸೇರು ಅಕ್ಕಿ ಕಡ ತಂದೆ.

ಆ ಎರಡು ಸೇರು ಅಕ್ಕಿ ನನಗೆ ಪಾಠ ಹೇಳಿತು. ನಂಜನಗೂಡು, ತಿ. ನರಸೀಪುರದ ಜನಕ್ಕೆ ಬೆಳೆಯುವುದನ್ನು ಯಾರೂ ಕಲಿಸಬೇಕಿಲ್ಲ. ಕಪಿಲೆ ಇದ್ದಾಳೆ, ಕಾವೇರಿ ಇದ್ದಾಳೆ. 1974ರಲ್ಲಿ ಕಬಿನಿ ಅಣೆಕಟ್ಟೆ ಮುಗಿದ ಮೇಲೆ ನಾಲೆ ನೀರೂ ಬಂದಿದೆ. ನಮ್ಮ ಕೈಬಿಟ್ಟು ಹೋದದ್ದು ಬೆಳೆದದ್ದನ್ನು ಕಾಪಿಡುವ ವಿದ್ಯೆ. ಒಣಗಿಸುವುದು, ಒಡೆಯುವುದು, ತುಂಬಿಡುವುದು, ಬೀಜ ಎತ್ತಿಡುವುದು ಗೊತ್ತಿಲ್ಲದೆ ಹೋದ್ದರಿಂದ ನಾವು ಸುಗ್ಗಿಯಲ್ಲಿ ಮೂಟೆ ಲೆಕ್ಕದಲ್ಲಿ ಮಾರಿ, ವರ್ಷವೆಲ್ಲ ಪ್ಯಾಕೆಟ್ ಲೆಕ್ಕದಲ್ಲಿ ಕೊಳ್ಳುತ್ತೇವೆ. ಅಂದಿನಿಂದ ಇಂದಿನವರೆಗೆ ಅತ್ತೆಯವರಿಂದ, ನೆರೆಯವರಿಂದ, ನನ್ನ ತಪ್ಪುಗಳಿಂದ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

1. ಸನಿಕೆ ಹಿಡಿಯುವ ಮುಂಚೆ ಲೆಕ್ಕದ ಪುಸ್ತಕ ಹಿಡಿಯಿರಿ

ಸ್ವಾವಲಂಬನೆ ಅಂದ ಕೂಡಲೇ ಎಲ್ಲರೂ ಗಿಡ ನೆಡಲು ಹೊರಡುತ್ತಾರೆ. ನಾನೂ ಹಾಗೇ ಹೊರಟಿದ್ದೆ. ಮೊದಲು ಮಾಡಬೇಕಾದ್ದು, ಮನೆಗೆ ವರ್ಷಕ್ಕೆ ಏನೇನು ಎಷ್ಟೆಷ್ಟು ಬೇಕು ಎಂದು ಬರೆದಿಡುವುದು. ಒಂದು ವರ್ಷ ದಿನಸಿ ಚೀಟಿಗಳನ್ನೆಲ್ಲ ನೋಟ್ ಪುಸ್ತಕದಲ್ಲಿ ಬರೆದೆ. ಐದು ಜನರ ನಮ್ಮ ಮನೆಗೆ ದಿನಕ್ಕೆ ಹೆಚ್ಚುಕಡಿಮೆ ಒಂದು ಕೆಜಿ ಅಕ್ಕಿ, 600 ಗ್ರಾಂ ರಾಗಿಹಿಟ್ಟು, ತಿಂಗಳಿಗೆ ನಾಲ್ಕು ಕೆಜಿ ತೊಗರಿಬೇಳೆ ಬೇಕು.

ವರ್ಷಕ್ಕೆ 365 ಕೆಜಿ ಅಕ್ಕಿಗೆ 560 ಕೆಜಿಯಷ್ಟು ಭತ್ತ ಬೇಕು, ಅಂದರೆ 75 ಕೆಜಿಯ ಏಳೂವರೆ ಮೂಟೆ. ನಮ್ಮ ಗದ್ದೆಯಲ್ಲಿ ಎಕರೆಗೆ 20 ಕ್ವಿಂಟಾಲ್ ಬರುತ್ತದೆ. ಹಾಗಾದರೆ 60 ಗುಂಟೆ ಗದ್ದೆಯಲ್ಲಿ 12 ಗುಂಟೆಯ ಭತ್ತ ನಮ್ಮ ಮನೆಯ ವರ್ಷದ ಅನ್ನ. ಉಳಿದ 48 ಗುಂಟೆಯದನ್ನು ಧಾರಾಳವಾಗಿ ಮಾರಬಹುದು. ಈ ಲೆಕ್ಕ ಕಣ್ಣೆದುರು ಬಂದ ದಿನ ನನ್ನ ಅರ್ಧ ಭಯ ಹೋಯಿತು. ಎಲ್ಲವನ್ನೂ ಬಿಟ್ಟು ಹೊಸ ಬಾಳು ಕಟ್ಟಬೇಕಿಲ್ಲ, ಐದರಲ್ಲಿ ಒಂದು ಪಾಲನ್ನು ಮನೆಗೆ ಉಳಿಸಿಕೊಂಡರೆ ಸಾಕು.

2. ಮನೆಯ ಪಾಲನ್ನು ಕಣದಲ್ಲೇ ಎತ್ತಿಡಿ, ಒಣಗಿಸಿಯೇ ತುಂಬಿ

ತಕ್ಕಡಿ ಬಂದ ಮೇಲೆ ಮನೆಯ ಪಾಲು ಉಳಿಯುವುದಿಲ್ಲ. ಅದಕ್ಕೇ ಎಂಟು ಮೂಟೆ ಮೊದಲೇ ಎತ್ತಿಡಬೇಕು. ಆದರೆ ಎತ್ತಿಟ್ಟ ಮಾತ್ರಕ್ಕೆ ಆಗಲಿಲ್ಲ. ಮೊದಲ ವರ್ಷ ನಾನು ಒಂದೇ ಬಿಸಿಲಿಗೆ ಒಣಗಿಸಿ, ಸಂಜೆಯ ಇಬ್ಬನಿ ಬೀಳುವ ಹೊತ್ತಿಗೆ ಮೂಟೆ ಕಟ್ಟಿಸಿದೆ. ಮೂರು ವಾರ ಬಿಟ್ಟು ಮೂಟೆಗೆ ಕೈ ಹಾಕಿದರೆ ಒಳಗೆ ಬೆಚ್ಚಗಿತ್ತು, ಮುಗ್ಗಲು ವಾಸನೆ. ಮಿಲ್ಲಿಗೆ ಹಾಕಿದಾಗ ಅಕ್ಕಿ ಹಳದಿಯಾಗಿ ಬಂತು. ಎರಡು ಮೂಟೆ ದನಕ್ಕೆ ಹೋಯಿತು.

ಅತ್ತೆ ಆಗ ಒಂದು ಕಾಳು ಕೈಗಿತ್ತರು. "ಕಚ್ಚಿ ನೋಡವ್ವ. ಕಟ್ ಅಂದ್ರೆ ಒಣಗದೆ, ಮೆತ್ತಗೆ ಸೀಳ್ತು ಅಂದ್ರೆ ಇನ್ನೊಂದು ಬಿಸ್ಲು ಬೇಕು." ಭತ್ತದ ತೇವ ನೂರಕ್ಕೆ 12-13ಕ್ಕೆ ಇಳಿದಿರಬೇಕು ಎಂದು ಕೃಷಿ ವಿಜ್ಞಾನಿಗಳು ಹೇಳುವುದನ್ನೇ ಅವರು ಹಲ್ಲಿನಲ್ಲಿ ಅಳೆಯುತ್ತಿದ್ದರು. ಈಗ ಮೂರು ಬಿಸಿಲು ಕೊಟ್ಟು, ಕಾಳಿನ ಬಿಸಿ ಆರಿದ ಮೇಲೆ ತುಂಬುತ್ತೇವೆ. ಮೂಟೆಯ ಅಡಿಗೆ ಹಲಗೆ ಇರಬೇಕು, ಗೋಡೆಗೆ ತಗುಲಬಾರದು.

ಎತ್ತರವೂ ಮುಖ್ಯ. 2019ರ ಆಗಸ್ಟ್‌ನಲ್ಲಿ ಕಪಿಲೆ ಉಕ್ಕಿ ಮೈಸೂರು–ನಂಜನಗೂಡು ರಸ್ತೆಯೇ ಬಂದ್ ಆಗಿತ್ತು. ಹೊಳೆ ಹತ್ತಿರದ ಮನೆಗಳಲ್ಲಿ ನೆಲದ ಮೇಲಿದ್ದ ಚೀಲಗಳೆಲ್ಲ ನೆನೆದವು, ಅಟ್ಟದ ಮೇಲಿದ್ದವು ಉಳಿದವು. ಹಿಂದಿನವರು ಅಟ್ಟ ಕಟ್ಟಿದ್ದು ಸುಮ್ಮನೆ ಅಲ್ಲ.

ಮತ್ತೊಂದು ಮಾತು. ವರ್ಷದ ಭತ್ತವನ್ನು ಒಂದೇ ಸಲ ಅಕ್ಕಿ ಮಾಡಿಸಬೇಡಿ. ಭತ್ತ ಹೊಟ್ಟಿನೊಳಗೆ ವರ್ಷ ಕೆಡದೆ ಇರುತ್ತದೆ, ಹಳೆಯದಾದಷ್ಟೂ ಅನ್ನ ಉದುರುದುರಾಗುತ್ತದೆ. ಹೆಚ್ಚು ಪಾಲಿಶ್ ಮಾಡದ ಅಕ್ಕಿಗೆ ಹುಳ ಬೇಗ ಬೀಳುತ್ತದೆ, ತೌಡಿನ ಎಣ್ಣೆ ಕಮಟುತ್ತದೆ. ಒಂದೂವರೆ ತಿಂಗಳಿಗೆ ಒಂದು ಮೂಟೆ ಮಿಲ್ಲಿಗೆ ಹೋದರೆ ಲೆಕ್ಕ ಸರಿಹೋಗುತ್ತದೆ.

3. ಬೇಳೆ ಮನೆಯಲ್ಲೇ ಒಡೆಯಿರಿ, ಕೆಮ್ಮಣ್ಣು ನಂಬಿ

ಈ ಆರು ವರ್ಷದಲ್ಲಿ ನಾನು ಕಲಿತ ವಿದ್ಯೆಗಳಲ್ಲಿ ಇದಕ್ಕೆ ನನ್ನ ಮನಸ್ಸಿನಲ್ಲಿ ಮೊದಲ ಸ್ಥಾನ. ಹೊಲದಲ್ಲಿ ರಾಗಿಯ ಜೊತೆ ಅಕ್ಕಡಿ ಹಾಕಿದ ತೊಗರಿ ಬರುತ್ತಿತ್ತು. ಪ್ಲಾಸ್ಟಿಕ್ ಡ್ರಮ್ಮಿಗೆ ಹಾಗೇ ತುಂಬಿಟ್ಟೆ. ಎರಡು ತಿಂಗಳಿಗೆ ಪ್ರತಿ ಕಾಳಿನಲ್ಲೂ ಗುಂಡುಸೂಜಿ ತಲೆಯಷ್ಟು ತೂತು, ಡ್ರಮ್ಮಿನ ತಳದಲ್ಲಿ ಹಿಟ್ಟು. ಈ ಹುಳ ಹೊರಗಿನಿಂದ ಬಂದದ್ದಲ್ಲ. ಕಾಯಿ ಹೊಲದಲ್ಲಿರುವಾಗಲೇ ಮೊಟ್ಟೆ ಇಟ್ಟಿರುತ್ತದೆ, ಡ್ರಮ್ಮಿನೊಳಗೆ ಹೊರಬಂದು ಮತ್ತೆ ಮೊಟ್ಟೆ ಇಡುತ್ತದೆ. ಇಡೀ ಕಾಳಿಗೆ ಬೀಳುವ ಈ ಹುಳ ಒಡೆದ ಬೇಳೆಗೆ ಅಷ್ಟಾಗಿ ಬೀಳುವುದಿಲ್ಲ. ಆದ್ದರಿಂದ ತೊಗರಿಯನ್ನು ಬೇಳೆ ಮಾಡಿಯೇ ಇಡುವುದು ಕ್ಷೇಮ.

ನಮ್ಮ ಮನೆಯಲ್ಲಿ ಮಾಡುವುದು ಹೀಗೆ. ಹುತ್ತದ ಮಣ್ಣೋ ಕಲ್ಲಿಲ್ಲದ ಕೆಮ್ಮಣ್ಣೋ ತಂದು ಜರಡಿ ಹಿಡಿದು, ನೀರಿಗೆ ಹಾಕಿ ಮಜ್ಜಿಗೆಯ ಹದಕ್ಕೆ ಕಲಸಿಡುತ್ತೇವೆ. ತೊಗರಿಯನ್ನು ಬೆಳಿಗ್ಗೆ ನೆನೆಹಾಕಿ, ಮೂರು ನಾಲ್ಕು ಗಂಟೆ ಬಿಟ್ಟು ನೀರು ಬಸಿದು, ಈ ಕೆಮ್ಮಣ್ಣಿನ ನೀರು ಹಾಕಿ ಎರಡೂ ಕೈಯಲ್ಲಿ ತಿಕ್ಕುತ್ತೇವೆ. ಒಂದು ಕಾಳೂ ಬಿಳಿದಾಗಿ ಕಾಣಬಾರದು, ಎಲ್ಲವೂ ಕಾವಿ ಬಳಿದ ಹಾಗೆ ಇರಬೇಕು. ರಾತ್ರಿ ಅದನ್ನು ಗುಡ್ಡೆ ಮಾಡಿ ಗೋಣಿತಾಟು ಹೊದಿಸುತ್ತೇವೆ. ಬೆಳಗಾದರೆ ಗುಡ್ಡೆಯೊಳಗೆ ಸಣ್ಣ ಕಾವು ಇರುತ್ತದೆ, ಸಿಪ್ಪೆ ಕಾಳನ್ನು ಬಿಡಲು ಶುರುಮಾಡಿರುತ್ತದೆ. ಆಮೇಲೆ ಮೂರು ದಿನ ಒಳ್ಳೆಯ ಬಿಸಿಲು. ಕೊನೆಗೆ ಹಿಡಿ ತುಂಬಿ ಅಲ್ಲಾಡಿಸಿದರೆ ಗಲಗಲ ಅನ್ನಬೇಕು.

ಬೀಸುವ ಕಲ್ಲಿಗೆ ಹಿಡಿಹಿಡಿಯಾಗಿ ಹಾಕಿ ನಿಧಾನವಾಗಿ ತಿರುಗಿಸಿದರೆ ಬೇಳೆ ಎರಡು ಹೋಳಾಗಿ ಬೀಳುತ್ತದೆ. ಮೊರದಲ್ಲಿ ಕೇರಿದರೆ ಸಿಪ್ಪೆ ಒಂದು ಕಡೆ, ನುಚ್ಚು ಒಂದು ಕಡೆ, ಬೇಳೆ ಒಂದು ಕಡೆ. ಸಿಪ್ಪೆ, ನುಚ್ಚು ಹಸುವಿಗೆ. ನಾಲ್ಕು ಕೆಜಿ ತೊಗರಿಗೆ ಮೂರು ಕೆಜಿ ಬೇಳೆಯಾದರೆ ಕೈ ಹದವಾಗಿದೆ ಎಂದು ಅರ್ಥ. ನಾನು ಮೊದಲು ಮಾಡಿದಾಗ ಎರಡೇ ಕೆಜಿ ಸಿಕ್ಕಿತು, ಉಳಿದದ್ದೆಲ್ಲ ನುಚ್ಚು. ಕಲ್ಲು ಜೋರಾಗಿ ತಿರುಗಿಸಿದ್ದೆ. ಹೆಸರು, ಅಲಸಂದೆಗೆ ಇಷ್ಟು ಕೆಲಸ ಬೇಡ. ಚೆನ್ನಾಗಿ ಒಣಗಿಸಿ, ಕೆಜಿಗೆ ಒಂದು ಚಮಚ ಹರಳೆಣ್ಣೆ ಸವರಿಟ್ಟರೆ ಹುಳ ಮೊಟ್ಟೆ ಇಡಲಾರದು.

4. ಬೀಜ ಒಂದೇ ಮನೆಯಲ್ಲಿ ಇರಬಾರದು

ನಂಜನಗೂಡಿನ ಹೆಸರನ್ನು ದೂರದೂರಕ್ಕೆ ಒಯ್ದದ್ದು ರಸಬಾಳೆ. ದೇವರಸನಹಳ್ಳಿಯ ಸುತ್ತಿನ ಮಣ್ಣಿನಲ್ಲಿ ಬೆಳೆದ ಆ ಹಣ್ಣಿನ ಪರಿಮಳ ಬೇರೆಲ್ಲೂ ಬಾರದು ಎಂದು ಹಿರಿಯರು ಹೇಳುತ್ತಾರೆ. ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಆದರೆ ಪನಾಮ ಸೊರಗು ರೋಗ ತೋಟಗಳನ್ನು ತಿಂದುಹಾಕಿತು. ಈ ರೋಗದ ಶಿಲೀಂಧ್ರ ಬೇರಿನಿಂದ ಹತ್ತಿ ನೀರಿನ ದಾರಿ ಮುಚ್ಚುತ್ತದೆ, ಮಣ್ಣಿನಲ್ಲಿ ದಶಕಗಟ್ಟಲೆ ಉಳಿಯುತ್ತದೆ. ರೋಗ ಬಂದ ತೋಟದ ಕಂದು ತಂದರೆ ರೋಗವೂ ಜೊತೆಗೇ ಬರುತ್ತದೆ. ನಮ್ಮ ತಾಲ್ಲೂಕಿನವರಿಗೆ ಇದಕ್ಕಿಂತ ದೊಡ್ಡ ಪಾಠ ಬೇಡ. ಎಷ್ಟೇ ಒಳ್ಳೆಯ ತಳಿಯಾಗಲಿ ಒಂದನ್ನೇ ನೆಚ್ಚಿಕೊಳ್ಳಬಾರದು, ಕಂದು ತರುವಾಗ ತಾಯಿಗಿಡ ನೋಡದೆ ತರಬಾರದು.

ನಮ್ಮ ಹಿತ್ತಲಲ್ಲಿ ಈಗ ಅವರೆ, ಬದನೆ, ಸೋರೆ, ಹೀರೆ, ದಂಟು, ಅಲಸಂದೆ ಎಲ್ಲಕ್ಕೂ ಸ್ವಂತ ಬೀಜ. ಮೊದಲ ಕಾಯಿ, ಕೊನೆಯ ಕಾಯಿ ಬೀಜಕ್ಕೆ ಬೇಡ. ಗಿಡ ಹುಮ್ಮಸ್ಸಿನಲ್ಲಿರುವಾಗ ಬಂದ ನಡುವಿನ ಕಾಯಿಯನ್ನು ಗುರುತಿಗೆ ದಾರ ಕಟ್ಟಿ ಬಿಡುತ್ತೇವೆ. ಬೀಜವನ್ನು ಬೂದಿಯಲ್ಲಿ ಹೊರಳಿಸಿ ಸೀಸೆಗೆ ಹಾಕಿ, ಜೊತೆಗೆ ಬಜೆ ಬೇರಿನ ತುಂಡು ಇಡುತ್ತೇವೆ. ಹೈಬ್ರಿಡ್ ಗಿಡದ ಬೀಜ ಎತ್ತಿಟ್ಟರೆ ಮುಂದಿನ ವರ್ಷ ತಾಯಿಯ ಹಾಗೆ ಬರುವುದಿಲ್ಲ, ಆದ್ದರಿಂದ ಶುರುವಿಗೆ ನಾಟಿ ಬೀಜವೇ ಬೇಕು.

ಪ್ರತಿ ಬೀಜವನ್ನೂ ಕನಿಷ್ಠ ಮೂರು ಮನೆಗೆ ಹಂಚುತ್ತೇನೆ. ಒಂದು ವರ್ಷ ನಮ್ಮ ಸೊಗಡವರೆ ಅಕಾಲ ಮಳೆಗೆ ಕೊಳೆತುಹೋದಾಗ, ನಾನು ಕೊಟ್ಟಿದ್ದ ಬೀಜವೇ ಓರಗಿತ್ತಿಯ ಮನೆಯಿಂದ ವಾಪಸು ಬಂತು. ಕಪಿಲೆ-ಕಾವೇರಿ ಕೂಡುವ ತಿ. ನರಸೀಪುರದಿಂದ ಬನ್ನೂರು ದಾಟಿದರೆ ಮಳವಳ್ಳಿ ತಾಲ್ಲೂಕಿನ ಕಿರುಗಾವಲು. ಅಲ್ಲಿ ಸಯ್ಯದ್ ಘನಿ ಖಾನ್ ನೂರಾರು ದೇಸಿ ಭತ್ತದ ತಳಿಗಳನ್ನು ಬಿತ್ತಿ ಬಿತ್ತಿ ಕಾಪಾಡಿದ್ದಾರೆ. ಬೀಜ ಉಳಿಯುವುದು ಡಬ್ಬದಲ್ಲಲ್ಲ, ಬಿತ್ತನೆಯಲ್ಲಿ.

5. ಹಿತ್ತಲು ಬಚ್ಚಲಿನ ನೀರಿನಿಂದ ಶುರುವಾಗಲಿ

ಮೊದಲ ವರ್ಷ ಹದಿನೆಂಟು ಬಗೆಯ ತರಕಾರಿ ಹಾಕಿ, ಯಾವುದನ್ನೂ ಸರಿಯಾಗಿ ನೋಡಿಕೊಳ್ಳಲಾಗದೆ ಬಿಟ್ಟೆ. ಈಗ ಹೊಸಬರಿಗೆ ನಾನು ಹೇಳುವುದು ಐದೇ ಗಿಡ: ನುಗ್ಗೆ, ಕರಿಬೇವು, ನಿಂಬೆ, ಪರಂಗಿ, ಬಾಳೆ. ಒಮ್ಮೆ ಬೇರು ಬಿಟ್ಟರೆ ಇವು ವರ್ಷಗಟ್ಟಲೆ ಕೊಡುತ್ತವೆ. ಬಚ್ಚಲ ನೀರು ಹರಿಯುವ ಕಡೆ ಬಾಳೆ, ಕೆಸು ಇರಲಿ. ಸೋಪಿನ ನೀರು ಸೊಪ್ಪಿನ ಮಡಿಗೆ ಬೇಡ, ಅಲ್ಲಿಗೆ ಅಕ್ಕಿ-ತರಕಾರಿ ತೊಳೆದ ನೀರು ಹೋಗಲಿ.

ಹಾಕದೆ ಬರುವ ಸೊಪ್ಪನ್ನು ಗುರುತಿಸುವುದು ಇದಕ್ಕಿಂತ ದೊಡ್ಡ ವಿದ್ಯೆ. ಅಣ್ಣೆ, ಗಣಿಕೆ, ಕಿರಕೀರೆ, ಒಂದೆಲಗ ಮಳೆ ಬಿದ್ದರೆ ಬದುವಿನಲ್ಲಿ ತಾವೇ ಏಳುತ್ತವೆ. ಅತ್ತೆ ಅರ್ಧ ಗಂಟೆಯಲ್ಲಿ ಮಡಿಲು ತುಂಬ ಬೆರಕೆ ಸೊಪ್ಪು ಕಿತ್ತು ತರುತ್ತಾರೆ. ಅದರ ಉಪ್ಸಾರು, ಬಿಸಿ ಮುದ್ದೆ ಇದ್ದರೆ ಆ ದಿನ ಅಂಗಡಿಯ ಹಂಗಿಲ್ಲ. ಆದರೆ ಗುರುತು ಗಟ್ಟಿಯಾಗುವವರೆಗೆ ತಿಳಿದವರ ಜೊತೆಯಲ್ಲೇ ಕೀಳಬೇಕು. ಕಳೆನಾಶಕ ಹೊಡೆದ ಬದುವಿನ ಸೊಪ್ಪನ್ನು ಮುಟ್ಟಲೇಬಾರದು.

6. ಬಿಸಿಲನ್ನು ವ್ಯರ್ಥ ಮಾಡಬೇಡಿ

ಶಿವರಾತ್ರಿಯಿಂದ ನಂಜನಗೂಡಿನ ದೊಡ್ಡಜಾತ್ರೆಯವರೆಗಿನ ಬಿಸಿಲು ನಮ್ಮ ಸೀಮೆಯ ದೊಡ್ಡ ಆಸ್ತಿ. ತೇರು ಎಳೆದ ಮೇಲೆ ಯಾವ ಸಂಜೆ ಮಳೆ ಬರುತ್ತದೋ ಹೇಳಲಾಗದು. ಅಕ್ಕಿ ಸಂಡಿಗೆ, ಉದ್ದಿನ ಹಪ್ಪಳ, ವರ್ಷದ ಖಾರದಪುಡಿ, ಹುಣಸೆಹಣ್ಣು ಎಲ್ಲ ಅಷ್ಟರೊಳಗೆ ಮುಗಿಯಬೇಕು.

ಬಾಳಕದ ಮೆಣಸಿನಕಾಯಿ ಕಲಿಕೆಗೆ ಒಳ್ಳೆಯದು. ದಪ್ಪ ಹಸಿಮೆಣಸಿನಕಾಯಿ ಸೀಳಿ, ಉಪ್ಪು ಬೆರೆಸಿದ ಹುಳಿಮಜ್ಜಿಗೆಯಲ್ಲಿ ರಾತ್ರಿಯೆಲ್ಲ ನೆನೆಸಿ, ಬೆಳಿಗ್ಗೆ ಬಿಸಿಲಿಗೆ ಹರಡಿ, ಸಂಜೆ ಮತ್ತೆ ಅದೇ ಮಜ್ಜಿಗೆಗೆ ಹಾಕಬೇಕು. ನಾಲ್ಕು ದಿನದಲ್ಲಿ ಮಜ್ಜಿಗೆಯನ್ನೆಲ್ಲ ಕಾಯಿಯೇ ಕುಡಿದಿರುತ್ತದೆ. ಆಮೇಲೆ ಮುರಿದರೆ ಮುರಿಯುವಷ್ಟು ಒಣಗಿಸಿದರೆ ವರ್ಷ ಇರುತ್ತದೆ. ಟೊಮೆಟೊ ಬೆಲೆ ಬಿದ್ದು ರಸ್ತೆಗೆ ಸುರಿಯುವ ದಿನಗಳಲ್ಲಿ ನಾವು ಅದನ್ನೂ ಹೆಚ್ಚಿ, ಉಪ್ಪು ಸವರಿ ಒಣಗಿಸುತ್ತೇವೆ. ಬೆಲೆ ಏರಿದಾಗ ಒಂದು ಹಿಡಿ ಸಾರಿಗೆ ಸಾಕು.

7. ಹಸುವಿಗಿಂತ ಮೊದಲು ಕೋಳಿ

ಹಸು ಕಟ್ಟಿದರೆ ಮನೆ ಬಿಟ್ಟು ಒಂದು ರಾತ್ರಿ ಹೊರಗಿರುವಂತಿಲ್ಲ. ದಿನಕ್ಕೆ 25 ಕೆಜಿ ಹಸಿಮೇವು, ಎರಡು ಹೊತ್ತು ಹಾಲು ಕರೆಯುವ ಕೈ ಬೇಕು. ಅದು ಗೊತ್ತಿದ್ದೇ ಕಟ್ಟಬೇಕು. ಕಲಿಯುವವರು ಐದು ಹೇಂಟೆ, ಒಂದು ಹುಂಜದಿಂದ ಶುರುಮಾಡಲಿ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ರೂಪಿಸಿದ ಗಿರಿರಾಜ ಹಿತ್ತಲಿಗೆ ಹೊಂದುತ್ತದೆ. ಆದರೆ ಕಾವಿಗೆ ಕೂತು ಮರಿ ಮಾಡುವುದರಲ್ಲಿ ನಾಟಿಕೋಳಿಗೆ ಸಮ ಇಲ್ಲ. ಗೂಡಿನ ಬಾಗಿಲು ಸಂಜೆ ಮುಚ್ಚುವುದನ್ನು ಒಂದು ದಿನ ಮರೆತಿದ್ದಕ್ಕೆ ಮುಂಗುಸಿ ನಮ್ಮ ನಾಲ್ಕು ಹೇಂಟೆಗಳನ್ನು ಕೊಂದಿತು.

ಗೋಬರ್ ಗ್ಯಾಸ್ ಕಟ್ಟುವ ಮುಂಚೆಯೂ ಲೆಕ್ಕ ಬೇಕು. ಒಂದು ಘನ ಮೀಟರ್ ಗ್ಯಾಸಿನ ಘಟಕಕ್ಕೆ ದಿನಕ್ಕೆ 25 ಕೆಜಿ ಸಗಣಿ ಬೇಕು. ಐದು ಜನರ ಅಡುಗೆಗೆ ಎರಡು ಘನ ಮೀಟರ್ ಆದರೆ ನೆಮ್ಮದಿ. ಒಂದೇ ಹಸು ಇದ್ದವರು ಅದರ ಸಗಣಿಯನ್ನು ಗೊಬ್ಬರದ ಗುಂಡಿಗೆ ಹಾಕುವುದೇ ಲೇಸು.

8. ಎಲ್ಲವನ್ನೂ ನಾವೇ ಮಾಡಬೇಕಿಲ್ಲ, ಹತ್ತಿರದವರದನ್ನು ಕೊಳ್ಳೋಣ

ಸೀಗೆಪುಡಿ, ಚಿಗರೆಪುಡಿ ಮನೆಯಲ್ಲೇ ಕುಟ್ಟಿಕೊಳ್ಳುತ್ತೇವೆ. ಸೋಪು ಮಾಡಲು ಹೋಗಿ ಕಾಸ್ಟಿಕ್ ಸೋಡಾದಿಂದ ಕೈ ಸುಟ್ಟುಕೊಂಡ ಮೇಲೆ ಅದನ್ನು ಬಿಟ್ಟೆ. ಹಲ್ಲುಪುಡಿಗೆ ನಾನು ಕೈ ಹಾಕಲೇ ಇಲ್ಲ. ಬಿ.ವಿ. ಪಂಡಿತರು 1913ರಲ್ಲಿ ನಂಜನಗೂಡಿನಲ್ಲಿ ಸದ್ವೈದ್ಯಶಾಲೆ ಶುರುಮಾಡಿದರು. ನಂಜನಗೂಡು ಹಲ್ಲುಪುಡಿ ಅಂದರೆ ರಾಜ್ಯಕ್ಕೆಲ್ಲ ಗೊತ್ತು. ನಮ್ಮೂರ ಪಕ್ಕದಲ್ಲೇ ಅಷ್ಟು ವರ್ಷದ ಕೈಯಿರುವಾಗ ಅದನ್ನು ಕೊಳ್ಳುವುದರಲ್ಲಿ ಸೋಲೇನೂ ಇಲ್ಲ.

ಬಟ್ಟೆಯೂ ಹಾಗೇ. ನಮ್ಮ ತಾಲ್ಲೂಕಿನ ಬದನವಾಳಿನ ಖಾದಿ ಕೇಂದ್ರಕ್ಕೆ 1927ರಲ್ಲಿ ಗಾಂಧೀಜಿ ಬಂದಿದ್ದರು. ಅಲ್ಲಿಯ ಹೆಣ್ಣುಮಕ್ಕಳ ನೂಲಿನ ಕೆಲಸ ಒಂದು ಕಾಲಕ್ಕೆ ಸುತ್ತಲಿನ ಎಷ್ಟೋ ಮನೆಗಳ ಒಲೆ ಉರಿಸಿತ್ತು. ಆ ಕೇಂದ್ರ ಸೊರಗಿದಾಗ ರಂಗಕರ್ಮಿ ಪ್ರಸನ್ನ ಅವರು 2015ರಲ್ಲಿ ಅಲ್ಲೇ ಕೂತು, ಸರಳ ಬದುಕಿಗಾಗಿ ಬದನವಾಳು ಸತ್ಯಾಗ್ರಹ ನಡೆಸಿದರು. ನಾನು ಮಗ್ಗಕ್ಕೆ ಕೂರಲಾರೆ. ಆದರೆ ವರ್ಷಕ್ಕೆ ನಾಲ್ಕು ಟವೆಲ್, ಎರಡು ಹೊದಿಕೆ ಕೈಮಗ್ಗದ್ದನ್ನೇ ಕೊಳ್ಳಬಲ್ಲೆ. ಮನೆಯ ಸ್ವಾವಲಂಬನೆ ಅನ್ನುವುದು ಊರಿನ ಸ್ವಾವಲಂಬನೆಗೆ ಬೆನ್ನು ತಿರುಗಿಸಿದರೆ ಅದಕ್ಕೆ ಅರ್ಥವಿಲ್ಲ.

ನಲ್ಲಿಯ ವಾಷರ್ ಬದಲಿಸುವುದು, ಕುಡುಗೋಲಿಗೆ ಸಾಣೆ ಹಿಡಿಯುವುದು, ಗುದ್ದಲಿಗೆ ಕಾವು ಹಾಕುವುದು ಮಾತ್ರ ಮನೆಯ ಪ್ರತಿಯೊಬ್ಬರಿಗೂ ಬರಬೇಕು. ಹತ್ತನೇ ಕ್ಲಾಸಿನ ಮಗಳಿಗೂ ಕಲಿಸಿದ್ದೇನೆ.

9. ಬಲ್ಲವರು ಇರುವಾಗಲೇ ಕಲಿಯಿರಿ, ಮುಯ್ಯಿ ಉಳಿಸಿಕೊಳ್ಳಿ

ವರ್ಷಕ್ಕೊಂದು ವಿದ್ಯೆ ಸಾಕು. ಒಂದು ವರ್ಷ ಬೇಳೆ, ಮುಂದಿನ ವರ್ಷ ಬೀಜ, ಅದರ ಮುಂದೆ ಕೋಳಿ. ಸುತ್ತೂರಿನ ಜೆಎಸ್‌ಎಸ್ ಕೃಷಿ ವಿಜ್ಞಾನ ಕೇಂದ್ರ ತರಬೇತಿ ಕೊಡುತ್ತದೆ, ಜನವರಿಯ ಸುತ್ತೂರು ಜಾತ್ರೆಯಲ್ಲಿ ಕೃಷಿ ಮೇಳವೂ ಇರುತ್ತದೆ. ಹೋಗಿ, ನೋಡಿ, ಕೇಳಿ. ಆದರೆ ಕೆಮ್ಮಣ್ಣಿನ ಹದ ಎಷ್ಟು, ಉಪ್ಪು ಎಷ್ಟು ಅನ್ನುವುದನ್ನು ಅಜ್ಜಿಯಂದಿರ ಕೈ ಪಕ್ಕದಲ್ಲಿ ಕೂತೇ ಕಲಿಯಬೇಕು. ನಮ್ಮ ಬೀದಿಯಲ್ಲಿ ದವಸ ತುಂಬಿಡುವ, ಗೋಣಿಗಿಂತ ಎತ್ತರದ ವಾಡೆಯನ್ನು ಮಣ್ಣಿನಲ್ಲೇ ಕಟ್ಟುತ್ತಿದ್ದ ಅಜ್ಜಿಯೊಬ್ಬರಿದ್ದರು. ಮುಂದಿನ ಬೇಸಿಗೆಗೆ ಕಲಿಯೋಣ ಅಂದುಕೊಂಡೆ. ಆ ಬೇಸಿಗೆಗೆ ಅವರು ಇರಲಿಲ್ಲ. ಈಗ ಊರಿನಲ್ಲಿ ವಾಡೆ ಕಟ್ಟುವವರು ಒಬ್ಬರೂ ಇಲ್ಲ.

ಒಂಟಿ ಕೈಯಿಂದ ಇದು ಯಾವುದೂ ಸಾಗದು. ನಮ್ಮ ಬೇಳೆ ಒಡೆಯಲು ನಾಲ್ಕು ಜನ ಬರುತ್ತಾರೆ, ಅವರ ಸಂಡಿಗೆಗೆ ನಾನು ಹೋಗುತ್ತೇನೆ. ಮುಯ್ಯಾಳಿನ ಈ ಲೆಕ್ಕದಲ್ಲಿ ದುಡ್ಡು ಓಡಾಡುವುದಿಲ್ಲ, ಎಲ್ಲರ ಕೆಲಸವೂ ಆಗುತ್ತದೆ. ಕಷ್ಟಕಾಲದಲ್ಲಿ ಎರಡು ಸೇರು ಅಕ್ಕಿ ಕಡ ಸಿಗುವುದೂ ಇಂಥ ಮನೆಗಳಿಂದಲೇ.

ಈಗಲೂ ನಮ್ಮ ಮನೆಗೆ ಉಪ್ಪು, ಸಕ್ಕರೆ, ಟೀಪುಡಿ, ಅಡುಗೆ ಎಣ್ಣೆಯ ಬಹುಪಾಲು ಅಂಗಡಿಯಿಂದಲೇ ಬರುತ್ತದೆ. ಅಕ್ಕಿ, ರಾಗಿ, ಬೇಳೆ, ಖಾರದಪುಡಿ, ಸೊಪ್ಪು, ಮೊಟ್ಟೆ ಮಾತ್ರ ಕೊಳ್ಳುವುದಿಲ್ಲ. ಇಷ್ಟಕ್ಕೆ ಆರು ವರ್ಷ ಹಿಡಿಯಿತು. ನಿಮಗೆ ಆರು ವರ್ಷ ಬೇಕಿಲ್ಲ, ನನ್ನ ತಪ್ಪುಗಳನ್ನು ನೀವು ಮಾಡಬೇಕಿಲ್ಲ. ಬರುವ ಸುಗ್ಗಿಯಲ್ಲಿ ವ್ಯಾಪಾರಿಯ ತಕ್ಕಡಿ ಕಣಕ್ಕೆ ಬರುವ ಮುಂಚೆ, ನಿಮ್ಮ ಮನೆಯ ವರ್ಷದ ಅನ್ನವನ್ನು ಲೆಕ್ಕ ಹಾಕಿ ಎತ್ತಿಟ್ಟುಬಿಡಿ. ಉಳಿದದ್ದನ್ನು ಒಂದೊಂದಾಗಿ ಕಲಿಯಬಹುದು.